ಬರ್ಲಿನ್‌ನಲ್ಲಿ ಸಿಗದ ಕೆಲಸ ಆಲೆನ್‌ನಲ್ಲಿ ಸಿಕ್ಕಿತು: ನಮ್ಮನೆ ಹುಡುಗನ ಪ್ರಕರಣ

ಇದು ಜರ್ಮನಿಯಲ್ಲಿ ಕೆಲಸ ಹುಡುಕಿದ ನನ್ನ ಅಕ್ಕನ ಮಗನ ಪ್ರಕರಣ. ಹೆಸರು ಹಾಕ್ಬೇಡಿ ಮಾವ ಅಂದಿದ್ದಾನೆ. ಹಾಗಾಗಿ ಹುಡುಗ ಅಂತಲೇ ಕರೆಯುತ್ತೇನೆ, ವಯಸ್ಸು 29 ಆಗಿದ್ದರೂ.

ನಾನು ಹಾಸನದ ಬಿ.ಎಂ. ರಸ್ತೆಯಲ್ಲಿ ಸಣ್ಣ ಆಫೀಸು ಇಟ್ಟುಕೊಂಡು ಆದಾಯ ತೆರಿಗೆ ರಿಟರ್ನ್, ಜಿಎಸ್‌ಟಿ ಎಲ್ಲ ತುಂಬಿಕೊಡುವವನು. ಸಾಫ್ಟ್‌ವೇರ್ ನನಗೆ ಗೊತ್ತಿಲ್ಲ, ಜರ್ಮನಿ ನೋಡಿಲ್ಲ. ಆದರೆ ಹುಡುಗನ ಫೈಲು ಮೊದಲ ದಿನದಿಂದ ನನ್ನ ಬೀರುವಿನಲ್ಲೇ ಇತ್ತು. ಈಗ ಊರಲ್ಲಿ ಯಾರ ಮನೆ ಹುಡುಗ ಹೊರಗೆ ಹೋಗಬೇಕು ಅಂದರೂ ‘ಅವರನ್ನ ಕೇಳು’ ಅಂತ ನನ್ನ ಹತ್ತಿರ ಕಳಿಸುತ್ತಾರೆ. ಒಬ್ಬೊಬ್ಬರಿಗೂ ಕೂರಿಸಿಕೊಂಡು ಹೇಳಿ ಸಾಕಾಯಿತು, ಅದಕ್ಕೇ ಬರೆದುಬಿಡುತ್ತಿದ್ದೇನೆ.

ಮೊದಲು ಲೆಕ್ಕ. ಇಲ್ಲಿಂದ ಹಾಕಿದ ಅರ್ಜಿ 143. ಉತ್ತರ ಬಂದದ್ದು 5. ಕೆಲಸ ಸೊನ್ನೆ. ಬರ್ಲಿನ್‌ನಲ್ಲಿ ಕೂತು ಹಾಕಿದ್ದು 88, ಮೊದಲ ಸುತ್ತಿಗೆ ಕರೆದದ್ದು 7 ಕಡೆ, ಕೆಲಸ ಮತ್ತೆ ಸೊನ್ನೆ. ಆಮೇಲೆ ಸಣ್ಣ ಊರುಗಳಿಗೆ ಹಾಕಿದ್ದು ಬರೀ 19. ಆರು ಕಡೆ ಕರೆದರು, ಎರಡು ಕಡೆ ಬಂದು ಕೆಲಸ ಮಾಡಿ ತೋರಿಸು ಅಂದರು, ಒಂದು ಕಡೆ ಕಾಗದಕ್ಕೆ ಸಹಿ ಬಿತ್ತು. ಹುಡುಗ ಅದೇ, ಪದವಿ ಅದೇ, ಅನುಭವವೂ ಅದೇ.

ಹುಡುಗ ಮತ್ತು ಅವನ ನಾಲ್ಕು ಪುಟ

ಭಾವನಿಗೆ ಸಕಲೇಶಪುರದ ಕಡೆ ನಾಲ್ಕು ಎಕರೆ ಕಾಫಿ ತೋಟ. ಆನೆ ಕಾಟ, ಆಳುಗಳ ಕಾಟ, ಮಳೆ ಬಂದರೂ ಕಷ್ಟ, ಬರದಿದ್ದರೂ ಕಷ್ಟ. ಹುಡುಗ ಹಾಸನದಲ್ಲೇ ನಮ್ಮ ಮನೆಯಲ್ಲಿದ್ದು ಎಂಜಿನಿಯರಿಂಗ್ ಓದಿದ. ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್, ವಿಟಿಯು ಪದವಿ, 2018. ಕ್ಯಾಂಪಸ್‌ನಲ್ಲೇ ಬೆಂಗಳೂರಿನ ಒಂದು ಕಂಪನಿಗೆ ಆಯ್ಕೆಯಾಗಿ ಆರೂವರೆ ವರ್ಷ ಅಲ್ಲೇ ಇದ್ದ. ಬೇರೆಯವರ ಕೆಲಸ ಮಾಡಿಕೊಡುವ ಕಂಪನಿ ಅದು. ಸಂಬಳ ಕೆಟ್ಟದ್ದೇನಲ್ಲ. ಆದರೆ ಪ್ರತಿ ವರ್ಷ ಅದೇ ಪ್ರಾಜೆಕ್ಟು, ಅದೇ ರಾತ್ರಿ ಹತ್ತರ ಕಾಲ್‌ಗಳು. 2023ರ ಕೊನೆಯಲ್ಲಿ ಜರ್ಮನಿಗೆ ಅರ್ಜಿ ಹಾಕಲು ಶುರು ಮಾಡಿದ.

ಎಂಟು ತಿಂಗಳಾದರೂ ಏನೂ ಆಗದಿದ್ದಾಗ ಒಂದು ಭಾನುವಾರ ಅವನ ರೆಸ್ಯೂಮೆಯನ್ನು ನಾನೇ ಪ್ರಿಂಟ್ ತೆಗೆದು ಓದಿದೆ. ನಾಲ್ಕು ಪುಟ. ಮೇಲೆ ಅಪ್ಪನ ಹೆಸರು, ಹುಟ್ಟಿದ ದಿನ, ಮದುವೆ ಆಗಿಲ್ಲ ಎಂಬ ಸುದ್ದಿ. ಕೊನೆಗೆ ‘ಮೇಲಿನ ವಿವರಗಳೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ ಎಂದು ಘೋಷಿಸುತ್ತೇನೆ’, ಸ್ಥಳ ಹಾಸನ, ದಿನಾಂಕ, ಸಹಿ. ರೇಷನ್ ಕಾರ್ಡಿನ ಅರ್ಜಿ ಥರ ಇದೆಯಲ್ಲೋ ಅಂತ ನಕ್ಕೆ. (ಜರ್ಮನಿಯವರೂ ಹಿಂದಿನಿಂದ ರೆಸ್ಯೂಮೆಯ ಕೊನೆಗೆ ತಾರೀಕು, ಸಹಿ ಹಾಕುವವರೇ ಅಂತ ಆಮೇಲೆ ಗೊತ್ತಾಯಿತು. ನಕ್ಕಿದ್ದು ವೇಸ್ಟು.) ತಪ್ಪು ಇದ್ದದ್ದು ನಡುವಿನ ಪುಟಗಳಲ್ಲಿ. ‘ನಲವತ್ತು ಜನರ ತಂಡದಲ್ಲಿ ಕೆಲಸ ಮಾಡಿದ್ದೇನೆ’, ‘ಯುರೋಪಿನ ಪ್ರಮುಖ ಗ್ರಾಹಕರಿಗೆ ಪರಿಹಾರ ಒದಗಿಸಿದ್ದೇನೆ’. ಅಷ್ಟೇ.

‘ನಲವತ್ತು ಜನ ಸರಿ ಕಣೋ, ನೀನೇನು ಮಾಡ್ದೆ?’ ಅಂತ ಕೇಳಿದೆ.

ಅವತ್ತು ಮುಕ್ಕಾಲು ಗಂಟೆ ಮಾತಾಡಿದ. ಫ್ಯಾಕ್ಟರಿ ಮಷಿನ್ ಒಳಗೆ ಪಿಎಲ್‌ಸಿ ಅಂತ ಒಂದು ಪೆಟ್ಟಿಗೆ ಇರುತ್ತದಂತೆ, ಮಷಿನ್ ಓಡಿಸುವುದು ಅದೇ. ಆ ಪೆಟ್ಟಿಗೆಯಿಂದ ಎಷ್ಟು ಮಾಲು ಆಯಿತು, ಎಷ್ಟು ಹೊತ್ತಿಗೆ ನಿಂತಿತು, ಯಾಕೆ ನಿಂತಿತು ಅನ್ನುವುದನ್ನು ಎತ್ತಿ ಸರ್ವರ್‌ಗೆ ಕಳಿಸುವ ಸಾಫ್ಟ್‌ವೇರ್ ಇವನದ್ದು. ಹಳೇ ಮಷಿನ್‌ಗಳು ಮಾಡ್‌ಬಸ್ ಭಾಷೆ ಆಡುತ್ತವೆ, ಹೊಸವು ಓಪಿಸಿ ಯುಎ ಆಡುತ್ತವೆ, ಎರಡಕ್ಕೂ ನಡುವೆ ಇವನು ದುಭಾಷಿ. ನೆಟ್‌ವರ್ಕ್ ಹೋದರೆ ಮಾಹಿತಿ ಕಳೆಯದ ಹಾಗೆ ಅಲ್ಲೇ ಹಿಡಿದಿಟ್ಟುಕೊಂಡು, ಬಂದಾಗ ಕಳಿಸುವ ಭಾಗ ಪೂರ್ತಿ ಇವನೊಬ್ಬನೇ ಬರೆದದ್ದು. ಇದರಲ್ಲಿ ಒಂದು ಸಾಲೂ ಆ ನಾಲ್ಕು ಪುಟದಲ್ಲಿ ಇರಲಿಲ್ಲ. ‘ಅದನ್ನೆಲ್ಲ ಹಾಕಿದ್ರೆ ತುಂಬಾ ಸಣ್ಣದಾಗಿ ಕಾಣುತ್ತೆ ಮಾವ’ ಅಂದ. ನನ್ನ ಮಟ್ಟಿಗೆ ಇಡೀ ಪ್ರಕರಣದ ಗಂಟು ಇದೇ. ತಾನು ಮಾಡಿದ್ದು ಸಣ್ಣದು, ಕಂಪನಿ ಹೆಸರು ದೊಡ್ಡದು ಅಂದುಕೊಂಡಿದ್ದ.

ಇನ್ನೊಂದು ಕಾಗದದ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಕೆಲಸ ಬಿಟ್ಟಾಗ ಕೊಡುವ ರಿಲೀವಿಂಗ್ ಲೆಟರ್‌ನಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಇದ್ದರು, ಶುಭವಾಗಲಿ ಅಂತ ಇರುತ್ತದೆ. ಜರ್ಮನಿಯವರು ನೋಡುವುದು ‘ಆರ್ಬೈಟ್ಸ್‌ತ್ಸೊಯ್ಗ್ನಿಸ್’ ಅನ್ನುವ ಪತ್ರ. ಅದರಲ್ಲಿ ಈ ಮನುಷ್ಯ ಏನು ಕೆಲಸ ಮಾಡಿದ, ಹೇಗೆ ಮಾಡಿದ ಅನ್ನುವ ವಿವರ ಇರಬೇಕು. ಹುಡುಗ ತನ್ನ ಹಳೇ ಮ್ಯಾನೇಜರ್ ಹಿಂದೆ ಬಿದ್ದು ಒಂದೂವರೆ ಪುಟದ ಪತ್ರ ಬರೆಸಿಕೊಂಡ. ಕೆಲಸ ಬಿಡುವ ಮುಂಚೆಯೇ ಬರೆಸಿಕೊಳ್ಳಬೇಕು. ಬಿಟ್ಟ ಮೇಲೆ ನಿಮ್ಮ ಫೋನ್ ಯಾರೂ ಎತ್ತುವುದಿಲ್ಲ.

ಏಜೆನ್ಸಿಗೆ ಹೋದ ದುಡ್ಡು

ಇದು ಬೇಗ ಮುಗಿಸುತ್ತೇನೆ, ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. 2024ರಲ್ಲಿ ನಮಗೆ ಹೇಳದೆ ಒಂದು ಏಜೆನ್ಸಿಗೆ ₹1.2 ಲಕ್ಷ ಕಟ್ಟಿದ್ದ. ಅವರು ಮಾಡಿದ್ದು ಜರ್ಮನಿಯ ಕೆಲಸ ಹುಡುಕುವ ವೀಸಾಕ್ಕೆ ‘ನಿನಗೆ ಎಷ್ಟು ಅಂಕ ಬರುತ್ತದೆ’ ಅನ್ನುವ ಒಂದು ಪಟ್ಟಿ. ಅದೇ ಪಟ್ಟಿ ಜರ್ಮನ್ ಸರ್ಕಾರದ ‘ಮೇಕ್ ಇಟ್ ಇನ್ ಜರ್ಮನಿ’ ತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಹತ್ತು ನಿಮಿಷದ ಕೆಲಸ. ನಮ್ಮ ದೇಶದಲ್ಲಿ ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆ ಪ್ರಕಾರ ನೋಂದಣಿ ಮಾಡಿಸಿರಬೇಕು. ಅಭ್ಯರ್ಥಿಯಿಂದ ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೂ ಮಿತಿ ಇದೆ, ₹30,000 ಮತ್ತು ಅದರ ಮೇಲೆ ಜಿಎಸ್‌ಟಿ. ಇದನ್ನು ಹೇಳಿ ಜಗಳ ಆಡಲು ಹೋದರೆ, ‘ನಾವು ಕೆಲಸ ಕೊಡಿಸುವವರಲ್ಲ ಸಾರ್, ಬರೀ ಸಲಹೆ ಕೊಡುವವರು’ ಅಂದರು. ರಸೀದಿಯಲ್ಲೂ ಹಾಗೇ ಇತ್ತು. ರಸೀದಿ ಓದದೆ ದುಡ್ಡು ಕಟ್ಟಿದವನು ನಮ್ಮವನೇ.

ಕಾರ್ಡು, ಪದವಿ, ಭಾಷೆ

ಜರ್ಮನಿಯವರು 2024ರ ಜೂನ್ 1ರಿಂದ ಒಂದು ಹೊಸ ದಾರಿ ತೆರೆದರು. ಹೆಸರು ಶಾನ್ಸನ್‌ಕಾರ್ಟೆ, ನಮ್ಮ ಹುಡುಗರು ಆಪರ್ಚುನಿಟಿ ಕಾರ್ಡ್ ಅನ್ನುತ್ತಾರೆ. ಕೈಯಲ್ಲಿ ಕೆಲಸ ಇಲ್ಲದೆ ಅಲ್ಲಿಗೆ ಹೋಗಿ, ಒಂದು ವರ್ಷದವರೆಗೆ ಇದ್ದು ಕೆಲಸ ಹುಡುಕಬಹುದು. ಹುಡುಕುವಾಗ ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ದುಡಿಯಬಹುದು. ಯಾವುದಾದರೂ ಕಂಪನಿ ಕರೆದರೆ ಎರಡು ವಾರದವರೆಗೆ ಪರೀಕ್ಷಾರ್ಥ ಕೆಲಸವನ್ನೂ ಮಾಡಬಹುದು. ಈ ಕೊನೆಯ ಸಾಲು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇದಕ್ಕೆ ಎರಡು ಬಾಗಿಲು. ನಮ್ಮ ಪದವಿ ಅಲ್ಲಿನ ಪದವಿಗೆ ಸಮ ಅಂತ ಪೂರ್ತಿ ಒಪ್ಪಿಗೆಯಾದರೆ ಅಂಕಗಳ ಗೊಡವೆ ಇಲ್ಲ. ಇಲ್ಲದಿದ್ದರೆ ವಯಸ್ಸು, ಅನುಭವ, ಭಾಷೆ ಎಲ್ಲ ಕೂಡಿಸಿ ಕನಿಷ್ಠ ಆರು ಅಂಕ ತೋರಿಸಬೇಕು. ಪದವಿ ನೋಡುವುದಕ್ಕೆ ಅನಾಬಿನ್ ಅನ್ನುವ ತಾಣ ಇದೆ. ಅಲ್ಲಿ ವಿಶ್ವವಿದ್ಯಾಲಯದ ಮುಂದೆ ‘ಎಚ್ ಪ್ಲಸ್’, ಅಂದರೆ ಮಾನ್ಯತೆ ಇದೆ ಅನ್ನುವ ಗುರುತು, ಇದ್ದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ, ಸಾಲದು, ನಿಮ್ಮ ಪದವಿಯೂ ಸಮ ಅಂತ ಬೇರೆಯಾಗಿ ಪಟ್ಟಿಯಲ್ಲಿರಬೇಕು. ನಾವು ತಲೆಬಿಸಿ ಬೇಡ ಅಂತ ಹೊರದೇಶದ ಪದವಿಗಳನ್ನು ನೋಡುವ ಅಲ್ಲಿನ ಕೇಂದ್ರ ಕಚೇರಿಗೇ 208 ಯೂರೊ ಕಟ್ಟಿ ಪ್ರಮಾಣಪತ್ರ ತರಿಸಿಕೊಂಡೆವು. ಹತ್ತು ವಾರ ಹಿಡಿಯಿತು.

ಪದವಿ ಒಪ್ಪಿಗೆಯಾದ ಆ ಬಾಗಿಲಲ್ಲಿ ಜರ್ಮನ್ ಕಡ್ಡಾಯ ಅಲ್ಲ. ಆದರೂ ಎ1, ಅಂದರೆ ಭಾಷೆಯ ಮೊದಲ ಮೆಟ್ಟಿಲು, ಮುಗಿಸು ಅಂತ ನಾನು ಹಟ ಹಿಡಿದೆ. ಆನ್‌ಲೈನ್ ಕ್ಲಾಸು, ಪರೀಕ್ಷೆ ಮಾತ್ರ ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ. ಪಾಸಾದ. ಪಾಸಾಗಿ ಪುಸ್ತಕ ಮುಚ್ಚಿಟ್ಟ. ಅದು ಅವನ ಎರಡನೇ ದೊಡ್ಡ ತಪ್ಪು.

₹97,000 ಎಲ್ಲಿಂದ ಬಂತು?

ಈ ತಪ್ಪು ನನ್ನದು. ತೆರಿಗೆ ಕೆಲಸ ಮಾಡುವವನ ಮನೆಯಲ್ಲೇ ಹೀಗಾಯಿತು ಅಂತ ಹೇಳಲು ನಾಚಿಕೆ.

ಅಲ್ಲಿ ಹೋಗಿ ಒಂದು ವರ್ಷ ಕೂತು ತಿನ್ನಲು ದುಡ್ಡಿದೆ ಅಂತ ತೋರಿಸಬೇಕಲ್ಲ, ಅದಕ್ಕೆ ಬ್ಲಾಕ್ಡ್ ಅಕೌಂಟ್ ಅಂತ ಇದೆ. 2025ರಲ್ಲಿ ತಿಂಗಳಿಗೆ 1,091 ಯೂರೊ ಲೆಕ್ಕ, ವರ್ಷಕ್ಕೆ 13,092. ಪೂರ್ತಿ ದುಡ್ಡು ಮೊದಲೇ ಕಳಿಸಬೇಕು, ಅಲ್ಲಿ ಹೋದ ಮೇಲೆ ತಿಂಗಳಿಗಿಷ್ಟು ಅಂತ ಬಿಡುತ್ತಾರೆ. ಫೆಬ್ರವರಿಯಲ್ಲಿ ಯೂರೊ ಸುಮಾರು ₹90.50 ಇತ್ತು, ಅಂದರೆ ಹತ್ತಿರ ಹತ್ತಿರ ₹11.85 ಲಕ್ಷ. ಆರು ಲಕ್ಷ ಹುಡುಗನ ಉಳಿತಾಯ. ಉಳಿದದ್ದು ಭಾವ ಕೊಟ್ಟರು. ಆ ವರ್ಷದ ಶುರುವಿನಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದಷ್ಟು ಮೇಲೆ ಹೋಗಿತ್ತು. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ, ಕಣದಿಂದ ನೇರ ವ್ಯಾಪಾರಿ ಹತ್ತಿರ ಹೋಯಿತು, ಸಾಲ ಮಾಡುವ ಪ್ರಮೇಯ ಬರಲಿಲ್ಲ. ಎರಡು ವರ್ಷ ಮುಂಚೆ ಆಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸಂಜೆ ನಾಲ್ಕಕ್ಕೆ ಬ್ಯಾಂಕಿನಿಂದ ಹುಡುಗ ಫೋನ್ ಮಾಡಿದ. ‘ಮಾವ, ಇನ್ನೂ ₹97,000 ಬೇಕಂತೆ.’ ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಟಿಸಿಎಸ್, ಮೂಲದಲ್ಲೇ ಸಂಗ್ರಹಿಸುವ ತೆರಿಗೆ! ಓದಿಗೆ, ಆಸ್ಪತ್ರೆಗೆ ಅಲ್ಲದೆ ಬೇರೆ ಕಾರಣಕ್ಕೆ ಹೊರದೇಶಕ್ಕೆ ದುಡ್ಡು ಕಳಿಸಿದರೆ ವರ್ಷದ ಮಿತಿ ದಾಟಿದ ಮೊತ್ತಕ್ಕೆ 20% ಬ್ಯಾಂಕಿನವರು ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಆಗ ಮಿತಿ ಏಳು ಲಕ್ಷ. ಏಪ್ರಿಲ್ 1ರಿಂದ ಹತ್ತು ಲಕ್ಷ ಆಗುತ್ತದೆ ಅಂತ ಆ ತಿಂಗಳ ಬಜೆಟ್‌ನಲ್ಲೇ ಬಂದಿತ್ತು. ಬಜೆಟ್ ದಿನ ಟಿವಿ ಮುಂದೆ ಕೂತು ಅದನ್ನು ಬರೆದುಕೊಂಡವನು ನಾನೇ. ನಮ್ಮ ಹುಡುಗನಿಗೂ ಅದು ತಗಲುತ್ತದೆ ಅಂತ ಮಾತ್ರ ಹೊಳೆಯಲಿಲ್ಲ.

ಏಪ್ರಿಲ್‌ವರೆಗೆ ಕಾಯೋಣವೇ ಅಂತ ಮನೆಯಲ್ಲಿ ಮಾತಾಯಿತು. ಬೇಡ ಅಂದೆ. ಟಿಸಿಎಸ್ ಅಂದರೆ ಹೋದ ದುಡ್ಡಲ್ಲ, ತಡವಾಗಿ ಬರುವ ದುಡ್ಡು. ಅಕ್ಕ ತನ್ನ ಚೀಟಿ ಎತ್ತಿ ಕೊಟ್ಟಳು. ಕಾಯದೇ ಇದ್ದದ್ದು ಒಳ್ಳೆಯದಾಯಿತು, ಏಪ್ರಿಲ್ ಕೊನೆಗೆ ಯೂರೊ ₹97ರ ಆಸುಪಾಸಿಗೆ ಏರಿತ್ತು, ಕಾದಿದ್ದರೆ ಎಂಬತ್ತು ಸಾವಿರದ ಮೇಲೆ ನಿಜವಾಗಿಯೂ ಕೈಬಿಡುತ್ತಿತ್ತು. ರಿಟರ್ನ್ ನಾನೇ ತುಂಬಿದೆ, ನವೆಂಬರ್‌ನಲ್ಲಿ ರೀಫಂಡ್ ಬಂತು, ಅಕ್ಕನಿಗೆ ವಾಪಸ್ ಕೊಟ್ಟಾಯಿತು. ಬಡ್ಡಿ ಎಲ್ಲೋ ಅಂದಳು.

ವೀಸಾ ಮೇ ತಿಂಗಳಲ್ಲಿ ಬಂತು. ಜೂನ್‌ನಲ್ಲಿ ಹೊರಟ.

ಬರ್ಲಿನ್‌ನ ನಾಲ್ಕು ತಿಂಗಳು

ಯಾಕೆ ಬರ್ಲಿನ್ ಅಂದರೆ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಅಲ್ಲಿ ಇಂಗ್ಲಿಷ್ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಹಳೇ ಸಹೋದ್ಯೋಗಿ ಒಬ್ಬನ ಮನೆಯಲ್ಲಿ ಒಂದು ಕೋಣೆ, ತಿಂಗಳಿಗೆ 650 ಯೂರೊ. ಬರುವ 1,091ರಲ್ಲಿ ಅದು ಹೋಗಿ, ಆರೋಗ್ಯ ವಿಮೆ ಹೋಗಿ, ಉಳಿದದ್ದರಲ್ಲಿ ಜೀವನ.

ಮೊದಲ ಏಟು ವಿಳಾಸದ್ದು. ಅಲ್ಲಿ ಮನೆಗೆ ಹೋದ ಎರಡು ವಾರದೊಳಗೆ ಸರ್ಕಾರಿ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅನ್‌ಮೆಲ್ಡುಂಗ್ ಅನ್ನುತ್ತಾರೆ. ಅದಕ್ಕೆ ಮನೆ ಕೊಟ್ಟವರ ಸಹಿ ಇರುವ ಚೀಟಿ ಬೇಕು. ಇವನು ಒಳಬಾಡಿಗೆ, ಮಾಲೀಕ ಒಪ್ಪಲಿಲ್ಲ, ಚೀಟಿ ಸಿಗಲಿಲ್ಲ. ನೋಂದಣಿ ಇಲ್ಲದೆ ತೆರಿಗೆ ನಂಬರ್ ಬರಲ್ಲ, ಅದಿಲ್ಲದೆ ಪಾರ್ಟ್‌ಟೈಮ್ ಕೆಲಸ ಕೊಡಲು ಯಾರೂ ಮುಂದೆ ಬರಲ್ಲ. ಐದು ವಾರ ಹೀಗೇ ಹೋಯಿತು. ಬೇರೆ ಕೋಣೆ ಹಿಡಿದ ಮೇಲೆ ಎಲ್ಲ ಸರಿಯಾಯಿತು. ಅಲ್ಲಿಂದ ಒಂದು ಭಾರತೀಯ ಹೋಟೆಲಿನ ಅಡುಗೆಮನೆಯಲ್ಲಿ ವಾರಕ್ಕೆ 15 ಗಂಟೆ ಈರುಳ್ಳಿ ಹೆಚ್ಚಿದ. ಆಗ ಅಲ್ಲಿನ ಕನಿಷ್ಠ ಕೂಲಿ ಗಂಟೆಗೆ 12.82 ಯೂರೊ. ಇದು ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಆಗಲಿ ಬಿಡಿ.

ಕೆಲಸದ ಕಡೆ ನೋಡಿದರೆ, ಕರೆದ ಏಳೂ ಕಡೆ ಹೆಚ್ಚುಕಡಿಮೆ ಒಂದೇ ಕಥೆ. ಮೊಬೈಲ್ ಆ್ಯಪ್ ಮಾಡುವ, ಪೇಮೆಂಟ್ ನಡೆಸುವ ಹೊಸ ಕಂಪನಿಗಳು. ಜಾಹೀರಾತು ಇಂಗ್ಲಿಷ್‌ನಲ್ಲಿ ಇರುತ್ತದೆ, ಒಂದೊಂದು ಹುದ್ದೆಗೆ ಪ್ರಪಂಚದ ಎಲ್ಲ ಮೂಲೆಯಿಂದ ಅರ್ಜಿ. ಇವನ ಮಷಿನ್ ಅನುಭವ ಅವರಿಗೆ ಬೇಕಿಲ್ಲ, ಅವರಿಗೆ ಬೇಕಾದ್ದು ಇವನಲ್ಲಿಲ್ಲ. ಒಂದು ಕಡೆ ಮೂರು ಸುತ್ತು ದಾಟಿದ ಮೇಲೆ ‘ತಂಡದ ಒಳಗೆ ಜರ್ಮನ್ ಬೇಕಾಗುತ್ತದೆ’ ಅಂದರಂತೆ. ಇದನ್ನು ಮೊದಲೇ ಹೇಳೋಕೆ ಏನಾಗಿತ್ತು ಅಲ್ವಾ?

ಸೆಪ್ಟೆಂಬರ್ ಹೊತ್ತಿಗೆ ವಾಪಸ್ ಬರುವ ಮಾತಾಡುತ್ತಿದ್ದ. ಹೊಸ ಕಾರ್ಡು ಕೈಯಲ್ಲಿದೆ, ಅದಕ್ಕೆ ಕೆಲಸ ತಾನಾಗಿ ಅಂಟಿಕೊಂಡು ಬರುತ್ತದೆ ಅಂತ ನಾವೆಲ್ಲ ನಂಬಿದ್ದೆವು. ಕಾರ್ಡು ಕೊಡುವುದು ಒಂದು ವರ್ಷದ ಸಮಯ ಮಾತ್ರ, ಅದರಲ್ಲಿ ಮೂರು ತಿಂಗಳು ಆಗಲೇ ಮುಗಿದಿತ್ತು.

ಉಲ್ಮ್‌ಗೆ ಹೋದ ರೈಲು

ಹಾಸನದ ಕಾಲೇಜಿನ ಸೀನಿಯರ್ ಒಬ್ಬ ಉಲ್ಮ್ ಅನ್ನುವ ಊರಲ್ಲಿದ್ದ. ಒಂದು ಸಲ ಬಂದು ಹೋಗು ಅಂದ. ಅಲ್ಲಿ 58 ಯೂರೊ ಕೊಟ್ಟರೆ ದೇಶದ ಎಲ್ಲ ಸಾಮಾನ್ಯ ರೈಲುಗಳಲ್ಲಿ ತಿಂಗಳಿಡೀ ಓಡಾಡುವ ಟಿಕೆಟ್ ಇತ್ತು. ವೇಗದ ರೈಲಿಗೆ ಅದು ನಡೆಯಲ್ಲ. ಹಾಗಾಗಿ ರೈಲು ಬದಲಿಸಿ ಬದಲಿಸಿ ಇಡೀ ದಿನದ ಪ್ರಯಾಣ. ಸೀನಿಯರ್ ರಾತ್ರಿ ಅನ್ನ ಸಾರು ಬಡಿಸುತ್ತಾ ಒಂದು ಮಾತು ಕೇಳಿದ: ‘ಅಲ್ಲ ಮಾರಾಯ, ನಿನ್ನ ಕೆಲಸ ಮಷಿನ್‌ದು. ಬರ್ಲಿನ್‌ನಲ್ಲಿ ಮಷಿನ್ ಮಾಡೋರು ಎಷ್ಟು ಜನ ಕಂಡೆ?’

ಮಾರನೇ ದಿನ ವಾಪಸ್ ಬರುವಾಗ ಇವನು ಬೇರೆ ದಾರಿ ಹಿಡಿದ. ಉಲ್ಮ್‌ನಿಂದ ಹೈಡನ್‌ಹೈಮ್, ಆಲೆನ್, ಶ್ವೇಬಿಶ್ ಗ್ಮುಂಡ್, ಅಲ್ಲಿಂದ ಸ್ಟುಟ್‌ಗಾರ್ಟ್. ಕಿಟಕಿ ಪಕ್ಕ ಕೂತು ಫೋನಿನಲ್ಲಿ ಬರೆದುಕೊಳ್ಳುತ್ತಾ ಬಂದ. ಗುಡ್ಡ, ಕಾಡು, ಸಣ್ಣ ಊರು. ಊರ ಹೊರಗೆ ಸಾಲಾಗಿ ಫ್ಯಾಕ್ಟರಿ. ಗೋಡೆ ಮೇಲೆ ಯಾರೂ ಕೇಳದ ಕುಟುಂಬದ ಹೆಸರುಗಳು. ಸ್ಟುಟ್‌ಗಾರ್ಟ್ ತಲುಪುವಷ್ಟರಲ್ಲಿ 31 ಹೆಸರು ಆಗಿದ್ದವು. ಪ್ಯಾಕಿಂಗ್ ಮಷಿನ್ ಮಾಡುವವರು, ಗೇರ್ ಮಾಡುವವರು, ಅಳತೆ ಉಪಕರಣ ಮಾಡುವವರು. ಜಗತ್ತಿಗೆಲ್ಲ ಮಾರುತ್ತಾರೆ, ಆದರೆ ಊರು ಬಿಟ್ಟಿಲ್ಲ.

ಆಲೆನ್ ಅಂದರೆ ಸುಮಾರು 68,000 ಜನರ ಊರು. ನಮ್ಮ ಹಾಸನವೇ 2011ರ ಜನಗಣತಿಯಲ್ಲಿ ಅದರ ಎರಡು ಪಟ್ಟು ಹತ್ತಿರ ಇತ್ತು. ಹುಡುಗ ಫೋನ್ ಮಾಡಿ ಅಂದ, ‘ಮಾವ, ಇಷ್ಟು ದಿನ ಇಲ್ಲಿನ ಬೆಂಗಳೂರಲ್ಲಿ ಹುಡುಕ್ತಿದ್ದೆ. ಕೆಲಸ ಇಲ್ಲಿನ ಹಾಸನದಲ್ಲಿದೆ.’

ಅಲ್ಲಿಂದ ಮೂರು ಬದಲಾವಣೆ ಮಾಡಿಕೊಂಡ. ಅರ್ಜಿ ಹಾಕುವುದನ್ನು ಲಿಂಕ್ಡ್‌ಇನ್‌ನಿಂದ ಅಲ್ಲಿನ ಸರ್ಕಾರಿ ಉದ್ಯೋಗ ಇಲಾಖೆಯ ತಾಣಕ್ಕೆ, ಕಂಪನಿಗಳ ಸ್ವಂತ ತಾಣಗಳಿಗೆ ಬದಲಿಸಿದ. ಹುಡುಕುವ ಪದವನ್ನೂ ಜರ್ಮನ್ ಮಾಡಿದ. ‘ಸಾಫ್ಟ್‌ವೇರ್ ಡೆವಲಪರ್’ ಅಂತ ಹೊಡೆದರೆ ಒಂದು ಪಟ್ಟಿ ಬರುತ್ತದೆ, ‘ಸಾಫ್ಟ್‌ವೇರ್‌ಎಂಟ್‌ವಿಕ್ಲರ್’ ಅಂತ ಹೊಡೆದರೆ ಬೇರೆಯೇ ಪಟ್ಟಿ, ಅದರಲ್ಲಿ ಇಂಗ್ಲಿಷ್‌ನಲ್ಲೇ ಹುಡುಕುವವರು ಯಾರೂ ಕಣ್ಣಿಡದ ಹುದ್ದೆಗಳು. ರೆಸ್ಯೂಮೆ ಎರಡು ಪುಟಕ್ಕೆ ಇಳಿಯಿತು, ಜರ್ಮನ್‌ನಲ್ಲಿ. ನಲವತ್ತು ಜನರ ತಂಡ ಹೋಯಿತು. ನೆಟ್‌ವರ್ಕ್ ಹೋದಾಗ ಮಾಹಿತಿ ಹಿಡಿದಿಡುವ ಆ ಒಂದು ಕೆಲಸ ಮೇಲಕ್ಕೆ ಬಂತು. ಮುಚ್ಚಿಟ್ಟ ಪುಸ್ತಕವೂ ತೆರೆಯಿತು, ದಿನಕ್ಕೆ ಎರಡು ಗಂಟೆ.

ಒಂದು ಗಂಟೆಯ ಜಗಳ

ಆಲೆನ್ ಹತ್ತಿರದ ಒಂದು ಪ್ಯಾಕಿಂಗ್ ಮಷಿನ್ ಕಂಪನಿ ಕರೆಯಿತು. ಮುನ್ನೂರು ಜನ ಕೆಲಸ ಮಾಡುವ ಜಾಗ. ಅರ್ಧ ಮಾತು ಜರ್ಮನ್, ಅರ್ಧ ಇಂಗ್ಲಿಷ್. ಕೊನೆಗೆ ಒಂದು ವಾರ ಬಂದು ಕೆಲಸ ಮಾಡು, ನೋಡೋಣ ಅಂದರು. ಶಾನ್ಸನ್‌ಕಾರ್ಟೆಯಲ್ಲಿ ಅದಕ್ಕೆ ಅವಕಾಶ ಇದೆ ಅನ್ನುವುದು ಆ ಕಂಪನಿಗೇ ಗೊತ್ತಿರಲಿಲ್ಲ, ಇವನೇ ನಿಯಮ ತೋರಿಸಿದನಂತೆ.

ಅಕ್ಟೋಬರ್ ಎರಡನೇ ವಾರ. ಅವನ ಜೊತೆ ಹಾಕಿದ್ದು ನಿವೃತ್ತಿಗೆ ಎರಡು ವರ್ಷ ಉಳಿದ ಒಬ್ಬ ಹಿರಿಯ ತಂತ್ರಜ್ಞನನ್ನು. ಆತ ಆಡುವುದು ಶ್ವೇಬಿಶ್, ಆ ಸೀಮೆಯ ಆಡುಮಾತು. ಪುಸ್ತಕದ ಜರ್ಮನ್ ಕಲಿತವನಿಗೆ ಅದು ಬೆಂಗಳೂರು ಕನ್ನಡ ಕಲಿತವನು ಕುಂದಾಪುರಕ್ಕೆ ಹೋದ ಹಾಗೆ. ‘ಲಾಂಗ್‌ಸಾಮ್ ಬಿಟ್ಟೆ’ ಅಂತ, ಅಂದರೆ ನಿಧಾನ ಸ್ವಾಮಿ ಅಂತ, ಒಂದು ದಿನಕ್ಕೆ ಐವತ್ತು ಸಲ ಹೇಳಿದನಂತೆ.

ಹಿರಿಯರು ಒಂದು ಫೈಲು ಕೊಟ್ಟರು. ಅವರ ಮಷಿನ್ ಕೊಂಡ ಒಂದು ಕಾರ್ಖಾನೆಯ ದೂರು. ಅಲ್ಲಿ ಎರಡು ಪಾಳಿ, ಬೆಳಿಗ್ಗೆ ಆರರಿಂದ ಎರಡು, ಎರಡರಿಂದ ರಾತ್ರಿ ಹತ್ತು. ಹಿಂದಿನ ಚಳಿಗಾಲದಲ್ಲಿ ಬೆಳಗಿನ ಪಾಳಿಯ ಲೆಕ್ಕ ದಿನಾ ಕಡಿಮೆ ಬರುತ್ತಿತ್ತು. ಬೆಳಗಿನವರು ‘ನಾವು ಕಷ್ಟಪಟ್ಟು ಮಾಡಿದ್ದು ಎಲ್ಲಿ ಹೋಯಿತು’ ಅಂತ ಜಗಳ, ಮಧ್ಯಾಹ್ನದವರು ‘ನೀವು ಬೇಗ ಎದ್ದು ಹೋಗ್ತೀರಿ’ ಅಂತ ಜಗಳ. ಬೇಸಿಗೆ ಬಂದಾಗ ತಾನಾಗಿ ಸರಿಹೋಗಿತ್ತು. ಯಾರಿಗೂ ಕಾರಣ ಸಿಕ್ಕಿರಲಿಲ್ಲ.

ಹುಡುಗ ಎರಡು ದಿನ ಬರೀ ಸಮಯದ ಕಾಲಮ್ ನೋಡುತ್ತಾ ಕೂತ. ಮಷಿನ್ ಕಳಿಸುವುದು ಅಂತಾರಾಷ್ಟ್ರೀಯ ಸಮಯ. ವರದಿ ತಯಾರಿಸುವ ಪ್ರೋಗ್ರಾಮಿನಲ್ಲಿ ಯಾರೋ ಪುಣ್ಯಾತ್ಮ ಅದಕ್ಕೆ ಎರಡು ಗಂಟೆ ಕೂಡಿಸು ಅಂತ ಗಟ್ಟಿಯಾಗಿ ಬರೆದುಬಿಟ್ಟಿದ್ದ. ಬೇಸಿಗೆಯಲ್ಲಿ ಅದು ಸರಿ. ಆದರೆ ಅಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಚಳಿಗಾಲಕ್ಕೆ ಕೂಡಿಸಬೇಕಾದ್ದು ಒಂದೇ ಗಂಟೆ. ಹಾಗಾಗಿ ಮಧ್ಯಾಹ್ನ ಒಂದೂವರೆಗೆ ಆದ ಮಾಲು ಎರಡೂವರೆ ಅಂತ ದಾಖಲಾಗಿ, ಬೆಳಗಿನ ಪಾಳಿಯ ಕೊನೇ ಗಂಟೆಯ ದುಡಿಮೆ ಮಧ್ಯಾಹ್ನದವರ ಲೆಕ್ಕಕ್ಕೆ ಹೋಗುತ್ತಿತ್ತು.

‘ಇದು ನಿನಗೆ ಹೇಗೆ ಹೊಳೀತು?’ ಅಂತ ನಾನು ಕೇಳಿದೆ. ‘ತೋಟದಲ್ಲಿ ಆಳು ಲೆಕ್ಕದ ಪುಸ್ತಕ ನೋಡಿದ್ದೀನಲ್ಲ ಮಾವ, ಜಗಳ ಯಾವಾಗಲೂ ಹೊತ್ತು ಬರೆಯೋರಿಂದ ಶುರುವಾಗೋದು’ ಅಂದ.

ಹಿರಿಯರು ಏನೂ ಹೇಳಲಿಲ್ಲವಂತೆ. ಕಾಫಿ ತಂದುಕೊಟ್ಟರಂತೆ. ಹುಡುಗ ಹೇಳುವ ಪ್ರಕಾರ ಅದು ಭಾವನ ತೋಟದ ಕಾಫಿಗೆ ಹೋಲಿಸುವ ಹಾಗೇ ಇರಲಿಲ್ಲ.

ಸಂಬಳದ ಒಂದು ಸೂಕ್ಷ್ಮ

ಮೊದಲು ಬಂದ ಆಫರ್ ವರ್ಷಕ್ಕೆ 47,000 ಯೂರೊ. ಹುಡುಗ ಖುಷಿಯಲ್ಲಿ ಒಪ್ಪಿಕೊಳ್ಳುವವನಿದ್ದ. ಸೀನಿಯರ್ ತಡೆದ. ಪದವಿ ಇದ್ದು ಕೆಲಸ ಸಿಕ್ಕವರಿಗೆ ಅಲ್ಲಿ ಬ್ಲೂ ಕಾರ್ಡ್ ಅನ್ನುವ ವಾಸದ ಪರವಾನಗಿ ಕೊಡುತ್ತಾರೆ, 2025ರಲ್ಲಿ ಅದಕ್ಕೆ ಸಂಬಳದ ಸಾಮಾನ್ಯ ಮಿತಿ 48,300 ಯೂರೊ ಇತ್ತು. ಎಂಜಿನಿಯರ್, ಐಟಿ ಥರ ಜನ ಸಾಲದ ಕೆಲಸಗಳಿಗೆ 43,759.80 ಸಾಕಿತ್ತು. ಹಾಗಾಗಿ 47,000ಕ್ಕೂ ಕಾರ್ಡು ಸಿಗುತ್ತದೆ, ಆದರೆ ಕಡಿಮೆ ಮಿತಿಯಲ್ಲಿ ಹೋದರೆ ಉದ್ಯೋಗ ಇಲಾಖೆಯ ಒಪ್ಪಿಗೆ ಬೇಕು, ಸಾಮಾನ್ಯ ಮಿತಿ ದಾಟಿದರೆ ಅದು ಬೇಡ. ಇವನು ಕಂಪನಿಗೆ ಇಷ್ಟನ್ನೇ ಬರೆದ: ಸ್ವಲ್ಪ ಮೇಲಕ್ಕೆ ಹೋದರೆ ಒಂದು ಕಚೇರಿಯ ಕೆಲಸ ತಪ್ಪುತ್ತದೆ, ನಾನು ಬೇಗ ಸೇರಬಹುದು. ಸಂಬಳ ಸಾಲದು ಅಂತ ಎಲ್ಲೂ ಅನ್ನಲಿಲ್ಲ. 49,500 ಮಾಡಿದರು. ಕೈಗೆ ತಿಂಗಳಿಗೆ ಸುಮಾರು 2,650 ಬರುತ್ತದೆ. ಉಳಿದದ್ದು ತೆರಿಗೆ, ವಿಮೆ, ಪಿಂಚಣಿ. ಅಷ್ಟೊಂದು ಹಿಡೀತಾರಾ ಅಂತ ಭಾವ ಬಾಯಿ ಬಿಟ್ಟರು.

ಸಣ್ಣ ಊರಿನ ಇನ್ನೊಂದು ಲಾಭ ಆಗ ಕಂಡಿತು. ವಿದೇಶಿಯರ ಕಚೇರಿಯಲ್ಲಿ ಹತ್ತೇ ದಿನಕ್ಕೆ ಸಮಯ ಕೊಟ್ಟರು. ಬರ್ಲಿನ್‌ನಲ್ಲಿ ವಿಳಾಸ ನೋಂದಣಿಗೇ ಐದು ವಾರ ಒದ್ದಾಡಿದವನಿಗೆ ಇದು ನಂಬಲಾಗಲಿಲ್ಲ. ಡಿಸೆಂಬರ್ 15ಕ್ಕೆ ಕೆಲಸಕ್ಕೆ ಸೇರಿದ.

ಈಗ

ಎಲ್ಲ ಸುಖವಾಗಿದೆ ಅಂತ ಅಂದುಕೊಳ್ಳಬೇಡಿ. ಆರು ತಿಂಗಳು ಪ್ರೊಬೇಷನ್, ಜೂನ್ ನಡುವಿನವರೆಗೆ ಎರಡು ವಾರದ ನೋಟಿಸ್ ಕೊಟ್ಟು ಯಾರು ಬೇಕಾದರೂ ಕೈಬಿಡಬಹುದು. ಮನೆ ಬಾಡಿಗೆಗೆ ಸಿಕ್ಕಿತು, ಒಳಗೆ ಹೋದರೆ ಅಡುಗೆಮನೆಯಲ್ಲಿ ಒಂದು ನಲ್ಲಿ, ನಾಲ್ಕು ಗೋಡೆ. ಸಿಂಕು, ಒಲೆ, ಕಪಾಟು ಎಲ್ಲ ಬಾಡಿಗೆಯವನೇ ಹಾಕಿಸಿಕೊಳ್ಳುವುದು ಅಲ್ಲಿ ಮಾಮೂಲಂತೆ. ಬ್ಲಾಕ್ಡ್ ಅಕೌಂಟಿನಲ್ಲಿ ಉಳಿದ ದುಡ್ಡು ಇನ್ನೂ ಪೂರ್ತಿ ಬಿಡುಗಡೆ ಆಗಿಲ್ಲ, ಒಂದು ಪತ್ರ ಬಾಕಿ ಇದೆ. ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಓ, ಅಂದರೆ ಹೊರದೇಶದಲ್ಲಿರುವ ಭಾರತೀಯರ ಖಾತೆ, ಮಾಡಿಸಬೇಕು, ನಾಲ್ಕು ಸಲ ನೆನಪಿಸಿದ್ದೇನೆ, ಮಾಡಿಲ್ಲ. ವಾರಕ್ಕೆ ಎರಡು ಸಂಜೆ ಜರ್ಮನ್ ಕ್ಲಾಸು. ಮೂರನೇ ಮೆಟ್ಟಿಲಾದ ಬಿ1 ಆದರೆ ಬ್ಲೂ ಕಾರ್ಡಿನಲ್ಲಿ 21 ತಿಂಗಳಿಗೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು, ಎ1ರಲ್ಲೇ ನಿಂತರೆ 27 ತಿಂಗಳು.

ಅಕ್ಕ ದಿನಾ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡುತ್ತಾಳೆ, ಅಲ್ಲಿ ಆಗ ಸಂಜೆ ಐದು, ಅವನು ಕೆಲಸ ಮುಗಿಸಿ ಬಸ್ಸಿಗೆ ಕಾಯುವ ಹೊತ್ತು. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಮತ್ತೆ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಇವನು ತಿದ್ದಿದ ಪ್ರೋಗ್ರಾಮು ಸರಿ ಇದೆಯೋ ಇಲ್ಲವೋ ಅನ್ನುವುದು ಸೋಮವಾರ ಬೆಳಗಿನ ಪಾಳಿ ವರದಿಯಲ್ಲಿ ಗೊತ್ತಾಗುತ್ತದೆ ಅಂತ ಹೇಳಿ, ‘ಅಮ್ಮ, ಅವತ್ತಿಂದ ನೀನು ಎಂಟೂವರೆಗೆ ಫೋನ್ ಮಾಡು’ ಅಂದಿದ್ದಾನೆ. ಅಕ್ಕ ಕ್ಯಾಲೆಂಡರ್ ಮೇಲೆ ಬರೆದಿಟ್ಟುಕೊಂಡಿದ್ದಾಳೆ. ಎಂಟೂವರೆಗೆ ಅವಳ ಧಾರಾವಾಹಿ ಬರುತ್ತದೆ, ಅದೊಂದು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.